ಅಶ್ವಶಕ್ತಿಯ ಅಂಕೆ ಮತ್ತು ಅಳೆದ ಗಳೆ: ಟರ್ಬೋ ಕಾರುಗಳ ಶಕ್ತಿಮಾಪನ ವಿವಾದದ ಐತಿಹಾಸಿಕ ಪರಾಮರ್ಶೆ

1

ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿಯೇ ಇದೆ. ದತ್ತಿಯಾಗಿ ಬಿಟ್ಟ ಭೂಮಿ ಇಷ್ಟು ಮತ್ತರು ಎಂದು ಹೇಳಿ ಶಾಸನಕಾರನು ಅನೇಕ ಕಡೆ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಅದನ್ನು ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ನಮೂದಿಸುತ್ತಾನೆ. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ಭೇರುಂಡಗಳೆಯ ಉಲ್ಲೇಖ ಇದಕ್ಕೊಂದು ನಿದರ್ಶನ. ಗಳೆಯ ಉದ್ದ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. ಆದುದರಿಂದ ಗಳೆಯ ಹೆಸರಿಲ್ಲದ ಮತ್ತರಿನ ಲೆಕ್ಕವನ್ನು ಇತಿಹಾಸದ ವಿದ್ಯಾರ್ಥಿ ಎಚ್ಚರಿಕೆಯಿಂದಲೇ ಕಾಣಬೇಕಾಗುತ್ತದೆ.

ಈ ಎಚ್ಚರಿಕೆಯನ್ನು ನಾವು ಪ್ರಸ್ತುತ ಲೇಖನದಲ್ಲಿ ಶಾಸನಗಳಿಂದ ಬಹು ದೂರದ ಒಂದು ವಿಷಯಕ್ಕೆ ಅನ್ವಯಿಸಿ ನೋಡಲು ಉದ್ದೇಶಿಸಿದ್ದೇವೆ. ಆ ವಿಷಯ ಮೋಟಾರು ಕಾರಿನ ಅಶ್ವಶಕ್ತಿ. ಟರ್ಬೋ ಎಂಜಿನಿನ ಕಾರೊಂದನ್ನು ಕೊಂಡ ಗೃಹಸ್ಥನು ಅದರ ಗಣಕದ ಲೆಕ್ಕಪಟ್ಟಿಯನ್ನು ಬದಲಾಯಿಸಿ, ಗಾಳಿಯ ಒತ್ತಡವನ್ನು ತುಸು ಏರಿಸಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಇದನ್ನೇ ಬಳಕೆಯಲ್ಲಿ ರೀಮ್ಯಾಪ್ ಎನ್ನುವರು. ಕಂಪನಿಯ ಪತ್ರಿಕೆಯಲ್ಲಿ 150 ಎಂದಿದ್ದ ಶಕ್ತಿ ಈಗ 200 ಆಯಿತೆಂದು ಕೆಲಸ ಮಾಡಿದವನು ಹೇಳುತ್ತಾನೆ. ಮತ್ತೊಂದು ಕಡೆಯ ಶಕ್ತಿಮಾಪಕ ಯಂತ್ರ, ಎಂದರೆ ಡೈನಮಾಮೀಟರು, 150 ಎಂದು ತೋರಿಸುತ್ತದೆ. ಅಲ್ಲಿಂದ ವಾದ ಆರಂಭವಾಗುತ್ತದೆ. ಒಬ್ಬನು ಮೋಸವೆನ್ನುತ್ತಾನೆ, ಇನ್ನೊಬ್ಬನು ಯಂತ್ರವೇ ಸರಿಯಿಲ್ಲವೆನ್ನುತ್ತಾನೆ. ಈ ಮೂರು ಅಂಕೆಗಳಲ್ಲಿ ಸತ್ಯ ಯಾವುದು? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಕ್ಕುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಶ್ವಶಕ್ತಿಯ ಅಂಕೆ ಹುಟ್ಟಿದಂದಿನಿಂದಲೂ ಅದು ಯಾವುದೋ ಒಂದು ಒಪ್ಪಂದದ ಕೂಸು. ಯಾವ ಒಪ್ಪಂದ, ಯಾರ ಪ್ರಯೋಜನಕ್ಕಾಗಿ ಎಂಬುದನ್ನು ತಿಳಿಯದೆ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಇಡುವುದು, ಎರಡು ಬೇರೆ ಗಳೆಗಳಿಂದ ಅಳೆದ ಹೊಲಗಳನ್ನು ಹೋಲಿಸಿದಂತೆ.

2

ಅಶ್ವಶಕ್ತಿ ಎಂಬ ಮಾನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ, ವ್ಯಾಪಾರದಲ್ಲಿ ಹುಟ್ಟಿದ್ದು. ಗಣಿಯಿಂದ ನೀರೆತ್ತುವ ಉಗಿಯಂತ್ರವನ್ನು ಕುದುರೆಗಳ ಕೆಲಸದೊಡನೆ ಹೋಲಿಸಿ ಹೇಳುವ ಪದ್ಧತಿಯನ್ನು ಇಂಗ್ಲೆಂಡಿನ ಥಾಮಸ್ ಸೇವರಿ 1702ರಲ್ಲಿಯೇ ಅನುಸರಿಸಿದ್ದನು. ಅದಕ್ಕೆ ಖಚಿತವಾದ ಅಂಕೆಯನ್ನು ಕೊಟ್ಟವನು ಜೇಮ್ಸ್ ವಾಟ್. ಗಾಣದ ಕುದುರೆಯ ಕೆಲಸವನ್ನು ಲೆಕ್ಕಹಾಕಿ, 1780ರ ದಶಕದ ಆರಂಭದಲ್ಲಿ ಅವನು ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಕೆಲಸವೇ ಒಂದು ಅಶ್ವಶಕ್ತಿ ಎಂಬ ನಿರ್ಣಯಕ್ಕೆ ಬಂದನು. ಅವನ ಸಮಕಾಲೀನನಾದ ಜಾನ್ ಸ್ಮೀಟನ್ ಕುದುರೆಯ ಕೆಲಸವನ್ನು ಸುಮಾರು 23,000 ಎಂದು ಮಾತ್ರ ಎಣಿಸಿದ್ದನು. ವಾಟನ ಕುದುರೆ ಸ್ಮೀಟನನ ಕುದುರೆಗಿಂತ ನೂರಕ್ಕೆ 40ರಷ್ಟು ಬಲಶಾಲಿ! ಯಂತ್ರ ಕೊಂಡವನು ಹತ್ತು ಕುದುರೆಗಳ ಕೆಲಸ ಆಗಲಿಲ್ಲವೆಂದು ದೂರಬಾರದೆಂಬ ವ್ಯಾಪಾರಿಯ ಜಾಣ್ಮೆಯನ್ನು ಇದರಲ್ಲಿ ಕಂಡವರುಂಟು. ಅದು ಹೇಗೇ ಇರಲಿ, ಮೊದಲ ಅಶ್ವಶಕ್ತಿಯ ಹಿಂದೆ ಒಬ್ಬ ಮಾರಾಟಗಾರನೂ ಒಬ್ಬ ಗಿರಾಕಿಯೂ ಇದ್ದರೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಯುರೋಪಿನ ದೇಶಗಳು ಸೆಕೆಂಡಿಗೆ 75 ಕಿಲೋಗ್ರಾಂ ಭಾರವನ್ನು ಒಂದು ಮೀಟರು ಎತ್ತುವ ಕೆಲಸವನ್ನು ತಮ್ಮ ಅಶ್ವಶಕ್ತಿಯಾಗಿ ಇಟ್ಟುಕೊಂಡವು. ವಾಟನದು ಇಂದಿನ ಲೆಕ್ಕದಲ್ಲಿ ಸುಮಾರು 745.7 ವಾಟ್, ಯುರೋಪಿನದು 735.5 ವಾಟ್.

ಎಣಿಕೆಯಿಂದ ಮಾಪನಕ್ಕೆ ಬರಲು ಕೆಲವು ದಶಕಗಳು ಹಿಡಿದವು. ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ 1821ರಲ್ಲಿ ತಿರುಗುವ ದಂಡಕ್ಕೆ ಹಲಗೆಗಳನ್ನು ಬಿಗಿದು, ಅದು ಎಳೆಯುವ ಬಲವನ್ನು ತೂಕದಿಂದ ಅಳೆಯುವ ಬ್ರೇಕನ್ನು ರೂಪಿಸಿದನು. ದೊಡ್ಡ ಹಡಗಿನ ಯಂತ್ರಗಳಿಗೆ ಆ ಘರ್ಷಣೆಯ ಬ್ರೇಕು ಸಾಲದೆ, ವಿಲಿಯಂ ಫ್ರೌಡ್ 1877ರಲ್ಲಿ ನೀರಿನ ತಡೆಯಿಂದ ಶಕ್ತಿಯನ್ನು ಹೀರುವ ಮಾಪಕವನ್ನು ಬ್ರಿಟಿಷ್ ನೌಕಾದಳಕ್ಕಾಗಿ ಸಿದ್ಧಪಡಿಸಿದನು. ಇಂದಿಗೂ ಎಂಜಿನ್ ಶಕ್ತಿಯನ್ನು ‘ಬ್ರೇಕ್ ಅಶ್ವಶಕ್ತಿ’ ಎನ್ನುವುದು ಈ ಇತಿಹಾಸದ ಉಳಿಕೆ.

ಆದರೆ ಮಾಪಕ ಬಂದ ಮಾತ್ರಕ್ಕೆ ಲೆಕ್ಕದ ಅಶ್ವಶಕ್ತಿ ಮಾಯವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉಗಿಹಡಗುಗಳಿಗೆ ಸಿಲಿಂಡರಿನ ಅಳತೆಯಿಂದ ಎಣಿಸಿದ ‘ನಾಮಮಾತ್ರ ಅಶ್ವಶಕ್ತಿ’ ಒಂದು, ನಿಜವಾಗಿ ಸಿಕ್ಕುವ ಶಕ್ತಿ ಅದರ ಹಲವು ಪಟ್ಟು. ಬ್ರಿಟನ್ನಿನಲ್ಲಿ 1921ರಿಂದ 1947ರವರೆಗೆ ಕಾರುಗಳ ತೆರಿಗೆಯನ್ನು ಅಶ್ವಶಕ್ತಿಯ ಮೇಲೆ ವಿಧಿಸಲಾಯಿತು; ಅದೂ ಮಾಪಕದಿಂದ ಅಳೆದ ಶಕ್ತಿಯಲ್ಲ. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಬರುವ ಲೆಕ್ಕ. ಆಸ್ಟಿನ್ ಸೆವೆನ್ ಎಂಬ ಕಾರಿನ ಹೆಸರಿನಲ್ಲಿರುವ ಏಳು ಈ ತೆರಿಗೆಯ ಏಳು. ಸೂತ್ರದಲ್ಲಿ ವ್ಯಾಸಕ್ಕೆ ಮಾತ್ರ ಸ್ಥಾನವಿದ್ದುದರಿಂದ ತಯಾರಕರು ಸಿಲಿಂಡರುಗಳನ್ನು ಕಿರಿದಾಗಿಯೂ ಉದ್ದವಾಗಿಯೂ ಮಾಡತೊಡಗಿದರು. ಅಂಕೆ ಎಂಜಿನನ್ನು ವರ್ಣಿಸುವುದಕ್ಕೆ ಬದಲಾಗಿ ಎಂಜಿನೇ ಅಂಕೆಗೆ ತಕ್ಕಂತೆ ಆಕಾರ ತಾಳಿತು.

3

ಇನ್ನು ಟರ್ಬೋ ವಿಷಯ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯ ವೇಗದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಮೇಲಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೋಚಾರ್ಜರಿನ ತತ್ತ್ವ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಇದರ ಪ್ರಸಿದ್ಧ ಪರೀಕ್ಷೆಯೊಂದು 1918ರಲ್ಲಿ ಅಮೆರಿಕದ ಕೊಲೊರಾಡೋ ಪ್ರಾಂತದ ಪೈಕ್ಸ್ ಶಿಖರದ ಮೇಲೆ ನಡೆಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನದ ಎಂಜಿನನ್ನೂ ಶಕ್ತಿಮಾಪಕವನ್ನೂ ಲಾರಿಯಲ್ಲಿ ಸುಮಾರು 14,000 ಅಡಿ ಎತ್ತರಕ್ಕೆ ಸಾಗಿಸಿದನು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನು ಶಿಖರದ ತೆಳುಗಾಳಿಯಲ್ಲಿ 230 ಕೊಟ್ಟಿತು. ಟರ್ಬೋ ಜೋಡಿಸಿದಾಗ ಅದೇ ಶಿಖರದಲ್ಲಿ 356 ಕೊಟ್ಟಿತು.

ಈ ಪ್ರಯೋಗದಲ್ಲಿ ಎರಡು ಪಾಠಗಳಿವೆ. ಮೊದಲನೆಯದು ವಿಧಾನದ ಪಾಠ: ಅದೇ ಎಂಜಿನು, ಅದೇ ಮಾಪಕ, ಅದೇ ಸ್ಥಳ, ಬದಲಾದದ್ದು ಟರ್ಬೋ ಒಂದೇ. ಆದುದರಿಂದ 230ಕ್ಕೂ 356ಕ್ಕೂ ಇರುವ ಅಂತರವನ್ನು ಟರ್ಬೋವಿನ ಲೆಕ್ಕಕ್ಕೇ ಬರೆಯಬಹುದು. ಎರಡನೆಯದು ಗಾಳಿಯ ಪಾಠ: ಎತ್ತರದಲ್ಲಿ ಸಾಮಾನ್ಯ ಎಂಜಿನು ಕಳೆದುಕೊಳ್ಳುವುದನ್ನು ಟರ್ಬೋ ಎಂಜಿನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ಇಂದಿನ ವಿವಾದಗಳಲ್ಲಿ ಮರೆಯಾಗುವುದು ಈ ಎರಡು ಪಾಠಗಳೇ.

4

ಟರ್ಬೋ ಜೋಡಿಸಿದ ಪ್ರಯಾಣಿಕ ಕಾರುಗಳು ಅಮೆರಿಕದ ಮಾರುಕಟ್ಟೆಗೆ 1962ರಲ್ಲಿ ಬಂದವು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನ 215 ಘನ ಅಂಗುಲದ ಎಂಜಿನಿಗೆ 215 ಅಶ್ವಶಕ್ತಿ ಎಂದು ಸಾರಲಾಯಿತು. ಘನ ಅಂಗುಲಕ್ಕೊಂದು ಕುದುರೆ! ಆದರೆ ಅಂದಿನ ಅಮೆರಿಕದ ಪದ್ಧತಿಯಲ್ಲಿ ಇದು ‘ಒಟ್ಟು’ ಶಕ್ತಿ. ಎಂದರೆ ಗಾಳಿಶೋಧಕ, ಪಂಕ, ಸದ್ದಡಗಿಸುವ ಕೊಳವೆ ಮೊದಲಾದವುಗಳ ಭಾರವಿಲ್ಲದೆ ಪರೀಕ್ಷಾಪೀಠದ ಮೇಲೆ ದೊರೆತ ಶಕ್ತಿ. 1972ರ ಮಾದರಿಗಳಿಂದ ಅಮೆರಿಕದ ತಯಾರಕರು ಈ ಸಲಕರಣೆಗಳೆಲ್ಲ ಇರುವಾಗಿನ ‘ನಿವ್ವಳ’ ಶಕ್ತಿಯನ್ನು ಹೇಳತೊಡಗಿದರು. ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ 8.2 ಲೀಟರಿನ ಎಂಜಿನು 1971ರಲ್ಲಿ 365 ಎನಿಸಿಕೊಂಡಿದ್ದು 1972ರಲ್ಲಿ 235ಕ್ಕೆ ಇಳಿಯಿತು. ಆ ಒಂದು ವರ್ಷದಲ್ಲಿ 130 ಕುದುರೆಗಳು ಲಾಯದಿಂದ ಓಡಿಹೋದುವೆಂದು ಭಾವಿಸುವ ಸಂಶೋಧಕನು, ಗಳೆ ಬದಲಾದುದನ್ನು ಅರಿಯದೆ ಊರಿನ ಹೊಲ ಕುಗ್ಗಿತೆಂದು ಬರೆದವನಂತಾಗುತ್ತಾನೆ.

ಅಂಕೆ ಯಾವಾಗಲೂ ಹಿಗ್ಗಿಯೇ ಇರುತ್ತದೆಂದು ತಿಳಿಯುವುದೂ ತಪ್ಪು. ಜಪಾನಿನ ತಯಾರಕರು 1989ರಿಂದ ಯಾವ ಕಾರಿಗೂ 280 ಮೆಟ್ರಿಕ್ ಅಶ್ವಶಕ್ತಿಗಿಂತ ಹೆಚ್ಚು ಎಂದು ಸಾರಬಾರದೆಂಬ ಪರಸ್ಪರ ತಿಳಿವಳಿಕೆಗೆ ಬದ್ಧರಾಗಿದ್ದರು. 2004ರಲ್ಲಿ ಹೊಂಡಾ ಲೆಜೆಂಡ್ ಕಾರು 300ರ ಅಂಕೆಯೊಡನೆ ಬಂದಾಗ ಅದು ಕೊನೆಗೊಂಡಿತು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಮೊದಲಾದ ಟರ್ಬೋ ಕಾರುಗಳ ಪತ್ರಿಕೆಯಲ್ಲಿ 280 ಎಂದೇ ಇದ್ದರೂ, ಮಾಪಕಗಳ ಮೇಲೆ ಅವುಗಳಲ್ಲಿ ಹಲವು ಅದನ್ನು ಮೀರುತ್ತಿದ್ದವು. 1993ರ ಟೊಯೋಟಾ ಸುಪ್ರಾ ಟರ್ಬೋ ಜಪಾನಿನಲ್ಲಿ 280, ಅಮೆರಿಕದಲ್ಲಿ 320. ಇದನ್ನೇ ಕಪಟದ ಸಾಕ್ಷ್ಯವೆಂದು ಹಿಡಿಯುವವರುಂಟು; ಆದರೆ ಹೊರದೇಶದ ಸುಪ್ರಾಕ್ಕೆ ಬೇರೆ ಟರ್ಬೋಗಳೂ ದೊಡ್ಡ ಇಂಧನ ಚಿಮ್ಮುಕಗಳೂ ಇದ್ದುವಾದುದರಿಂದ ಈ ಹೋಲಿಕೆಯನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಪಾಠಾಂತರಗಳೆರಡರ ಮೂಲ ಒಂದೇ ಎಂದು ಸ್ಥಾಪಿಸದೆ ವ್ಯತ್ಯಾಸವನ್ನು ಲಿಪಿಕಾರನ ಮೇಲೆ ಹೊರಿಸುವುದು ಸರಿಯಲ್ಲ.

ಮಾರಬೇಕೆಂಬ ಆಸೆ ಅಂಕೆಯನ್ನು ಏರಿಸುತ್ತದೆ; ತೆರಿಗೆ, ವಿಮೆ, ಸರ್ಕಾರದ ಕಣ್ಣು ಇವುಗಳ ಅಂಜಿಕೆ ಅದನ್ನು ಇಳಿಸುತ್ತದೆ. ಆದುದರಿಂದ ಅಂಕೆಯ ಸುಳ್ಳು ಯಾವ ಕಡೆಗೆ ವಾಲಿದೆ ಎಂಬುದು ಸಾಕ್ಷಿಯ ಹಿತ ಯಾವ ಕಡೆಗಿದೆ ಎಂಬುದನ್ನು ಅವಲಂಬಿಸಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ.

5

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದು ಮುಖ್ಯವಾದ ಬದಲಾವಣೆಯಾಯಿತು. ಎಂಜಿನನ್ನು ಕಳಚದೆ, ಇಡೀ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಚಕ್ರದ ಬಳಿಯ ಶಕ್ತಿಯನ್ನು ಅಳೆಯುವ ಮಾಪಕಗಳು ಸಾಮಾನ್ಯ ಕಾರ್ಖಾನೆಗಳಿಗೂ ಬಂದವು. ಅಲ್ಲಿಯವರೆಗೆ ತಯಾರಕನ ಮಾತೇ ಪ್ರಮಾಣವಾಗಿತ್ತು. ಈಗ ಗಿರಾಕಿಯ ಕೈಗೂ ಒಂದು ಗಳೆ ಸಿಕ್ಕಿತು. ಇದರ ಫಲ ಅಲ್ಪವಲ್ಲ. 1999ರಲ್ಲಿ ಫೋರ್ಡ್ ಕಂಪನಿ 320 ಅಶ್ವಶಕ್ತಿ ಎಂದು ಸಾರಿದ್ದ ಮಸ್ಟಾಂಗ್ ಕೋಬ್ರಾ ಕಾರು ಆ ಶಕ್ತಿಯನ್ನು ಮುಟ್ಟುವುದಿಲ್ಲವೆಂದು ಕೊಂಡವರು ಉರುಳೆಗಳ ಮೇಲಿನ ಪರೀಕ್ಷೆಯಿಂದ ತೋರಿಸಿದರು. ಕಂಪನಿ ಮಾರಾಟವನ್ನು ತಡೆದು, ಮಾರಿದ ಕಾರುಗಳನ್ನು ಹಿಂದಕ್ಕೆ ಕರೆದು ಬಿಡಿಭಾಗಗಳನ್ನು ಬದಲಾಯಿಸಿತು. ಅದು ಟರ್ಬೋ ಕಾರಲ್ಲವಾದರೂ ಅಂಕೆಯ ಇತಿಹಾಸದಲ್ಲಿ ಆ ಪ್ರಸಂಗಕ್ಕೆ ಸ್ಥಾನವಿದೆ. 2005ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಸ್ವತಂತ್ರ ಸಾಕ್ಷಿಯ ಸಮ್ಮುಖದಲ್ಲಿ ಪರೀಕ್ಷೆ ನಡೆಸಿ ಪ್ರಮಾಣೀಕರಿಸುವ ಪದ್ಧತಿಯನ್ನು ತಂದಿತು. ಅದೇ ಕಾಲಕ್ಕೆ ಸಂಘವು ತನ್ನ ಪರೀಕ್ಷಾನಿಯಮಗಳನ್ನು ಬಿಗಿಗೊಳಿಸಿದ್ದರಿಂದ ಟೊಯೋಟಾ ಕ್ಯಾಮ್ರಿಯ ಮೂರು ಲೀಟರಿನ ಎಂಜಿನು 210ರಿಂದ 190ಕ್ಕೆ ಇಳಿಯಿತು.

ಆದರೆ ಗಿರಾಕಿಯ ಗಳೆಯೂ ನಿರ್ದುಷ್ಟವಲ್ಲ. ಮೊದಲನೆಯದಾಗಿ, ಉರುಳೆಗಳಲ್ಲಿ ಎರಡು ಬಗೆ. ಒಂದರಲ್ಲಿ ಗೊತ್ತಾದ ತೂಕದ ಉರುಳೆಯನ್ನು ಕಾರು ಎಷ್ಟು ಬೇಗ ವೇಗಕ್ಕೆ ತರುತ್ತದೆಂಬುದರಿಂದ ಶಕ್ತಿಯನ್ನು ಎಣಿಸುತ್ತಾರೆ. ಇನ್ನೊಂದರಲ್ಲಿ ವಿದ್ಯುತ್ತಿನ ಬ್ರೇಕು ಉರುಳೆಯನ್ನು ತಡೆದು ಹಿಡಿಯುತ್ತದೆ. ಟರ್ಬೋ ಚಕ್ರ ವೇಗ ಪಡೆಯಲು ಸ್ವಲ್ಪ ಕಾಲ ಬೇಕು. ಹಗುರವಾದ ಉರುಳೆ ಬೇಗ ಓಡಿಬಿಟ್ಟರೆ ಒತ್ತಡ ಪೂರ್ಣವಾಗಿ ಏರುವಷ್ಟರಲ್ಲಿ ಪರೀಕ್ಷೆಯೇ ಮುಗಿಯುತ್ತ ಬಂದಿರುತ್ತದೆ; ತಡೆದು ಹಿಡಿದರೆ ಒತ್ತಡವೇನೋ ಏರುತ್ತದೆ, ಆದರೆ ಒಳಗಾಳಿ ಕಾದು ಶಕ್ತಿ ಕುಗ್ಗುತ್ತದೆ. ಎರಡನೆಯದಾಗಿ, ಕಾರನ್ನು ಕಟ್ಟಿದ ಪಟ್ಟಿಯ ಬಿಗಿ, ಚಕ್ರದ ಗಾಳಿ, ಎದುರಿನ ಪಂಕದ ಬಲ, ಉಷ್ಣಮಾಪಕವನ್ನು ಇಟ್ಟ ಜಾಗ ಇವೆಲ್ಲ ಅಂಕೆಯನ್ನು ಅಲುಗಿಸುತ್ತವೆ. ಮೂರನೆಯದಾಗಿ, ಉರುಳೆ ತೋರಿಸಿದ ಅಂಕೆ ಗಿರಾಕಿಗೆ ಹಾಗೆಯೇ ತಲಪುವುದು ಅಪರೂಪ. ಅದಕ್ಕೆ ಸಾಮಾನ್ಯವಾಗಿ ಎರಡು ಸಂಸ್ಕಾರಗಳಾಗುತ್ತವೆ. ಒಂದು ಹವಾಮಾನದ ತಿದ್ದುಪಡಿ, ಇನ್ನೊಂದು ಗೇರುಪೆಟ್ಟಿಗೆ ಮತ್ತು ಚಕ್ರಗಳಲ್ಲಿ ಕಳೆದುಹೋಯಿತೆಂದು ಊಹಿಸಿದ ಶಕ್ತಿಯ ಸೇರ್ಪಡೆ.

6

ಈ ಸಂಸ್ಕಾರಗಳ ಬಲವನ್ನು ತೋರಿಸಲು ಮೊದಲು ಹೇಳಿದ ಗೃಹಸ್ಥನ ಕಾರಿಗೇ ಮರಳೋಣ. ಉದಾಹರಣೆ ಕಲ್ಪಿತವಾದರೂ ಲೆಕ್ಕ ನಿಜವಾದದ್ದು. ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತೆನ್ನೋಣ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ತೇವಾಂಶವನ್ನು ಕಳೆದರೆ ಅಲ್ಲಿಯ ಗಾಳಿಯ ಒತ್ತಡ ಸುಮಾರು 89 ಕಿಲೋಪ್ಯಾಸ್ಕಲ್. ಬಳಕೆಯ ಸೂತ್ರಗಳು 25 ಡಿಗ್ರಿ ಉಷ್ಣತೆ, 99 ಕಿಲೋಪ್ಯಾಸ್ಕಲ್ ಒತ್ತಡಗಳನ್ನು ಆಧಾರವಾಗಿ ಹಿಡಿಯುತ್ತವೆ. ಅದರಂತೆ ತಿದ್ದುಪಡಿಯ ಗುಣಕ ಸುಮಾರು 1.13. ಚಕ್ರದ ಬಳಿ 150 ಎಂದು ಬಂದ ಅಂಕೆ ಈ ಗುಣಕದಿಂದ 169.5 ಆಗುತ್ತದೆ. ನಡುವೆ ನೂರಕ್ಕೆ 15 ನಷ್ಟವಾಯಿತೆಂದು 0.85ರಿಂದ ಭಾಗಿಸಿದರೆ 199.4. ಇದೇ ಆ 200! ಎಲ್ಲಿಯೂ ಯಾರೂ ಸುಳ್ಳು ಹೇಳಲಿಲ್ಲ. ಆದರೂ 150 ಎಂಬುದು 200 ಆಯಿತು.

ಈಗ ಕಾರನ್ನು ಮಾರ್ಪಡಿಸುವ ಮೊದಲು ಅದೇ ಉರುಳೆಯ ಮೇಲೆ ಓಡಿಸಿದ್ದರೆ ಏನಾಗುತ್ತಿತ್ತು? ಕಂಪನಿಯ 150ರಲ್ಲಿ ನೂರಕ್ಕೆ 15 ಕಳೆದರೆ ಚಕ್ರದ ಬಳಿ ಸುಮಾರು 127 ಸಿಗುತ್ತಿತ್ತು. ಎಂದರೆ ನಿಜವಾದ ಏರಿಕೆ 127ರಿಂದ 150ಕ್ಕೆ, ನೂರಕ್ಕೆ ಸುಮಾರು 18. ಭೌತವಿಜ್ಞಾನವೂ ಇದಕ್ಕೆ ಹೊಂದುತ್ತದೆ. ಟರ್ಬೋವಿನ ಒತ್ತಡ ವಾಯುಮಂಡಲದ ಮೇಲೆ 0.7 ಬಾರ್‌ನಿಂದ 1.0 ಬಾರ್‌ಗೆ ಏರಿದ್ದರೆ, ಒಟ್ಟು ಒತ್ತಡ 1.7ರಿಂದ 2.0ಕ್ಕೆ ಏರಿದಂತೆ, ಅದೂ ನೂರಕ್ಕೆ 18ರ ಆಸುಪಾಸು. ಹಾಗಾದರೆ ಎಂಜಿನಿನ ಬಳಿ ಶಕ್ತಿ ಸುಮಾರು 177. ಗಳಿಸಿದ್ದು 27 ಕುದುರೆ. 50 ಎಂಬುದು ಕಂಪನಿಯ ಗಳೆಯಿಂದ ಅಳೆದ 150ನ್ನು ಕಾರ್ಖಾನೆಯ ಗಳೆಯಿಂದ ಅಳೆದ 200ರಿಂದ ಕಳೆದುದರ ಫಲ.

ಹವಾಮಾನದ ಗುಣಕವನ್ನು ಕುರಿತು ಇನ್ನೊಂದು ಮಾತು ಅವಶ್ಯ. ಈ ತಿದ್ದುಪಡಿ ತೆಳುಗಾಳಿಯಿಂದ ಎಂಜಿನು ಕಳೆದುಕೊಂಡುದನ್ನು ಲೆಕ್ಕದಲ್ಲಿ ಹಿಂದಕ್ಕೆ ಕೊಡುವ ಉಪಾಯ. ಆದರೆ ಒಳಗಾಳಿಯ ಪೂರ್ಣ ಒತ್ತಡವನ್ನು ಗಣಕವೇ ಕಾಯುವ ಟರ್ಬೋ ಎಂಜಿನು ಅದನ್ನು ಕಳೆದುಕೊಂಡೇ ಇರುವುದಿಲ್ಲ; ಟರ್ಬೋ ಹೆಚ್ಚು ದುಡಿದು ಕೊರತೆಯನ್ನು ಬಹುಮಟ್ಟಿಗೆ ತುಂಬಿರುತ್ತದೆ. ಪೈಕ್ಸ್ ಶಿಖರದ 356ಕ್ಕೆ ಶಿಖರದ ತಿದ್ದುಪಡಿಯನ್ನೂ ಸೇರಿಸಿದ್ದರೆ ಹೇಗೋ ಹಾಗೆ, ಒಂದೇ ಸಾಲವನ್ನು ಎರಡು ಬಾರಿ ವಸೂಲು ಮಾಡಿದಂತಾಗುತ್ತದೆ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 1585 ಈ ಗುಣಕ 0.93ರಿಂದ 1.07ರೊಳಗೆ ಇರಬೇಕೆಂದು ವಿಧಿಸಿ, ಮೀರಿದಾಗ ಪರೀಕ್ಷೆಯ ಸ್ಥಿತಿಗತಿಯನ್ನು ವರದಿಯಲ್ಲಿ ನಿಖರವಾಗಿ ಬರೆಯಬೇಕೆನ್ನುತ್ತದೆ. ಬೆಂಗಳೂರಿನ 1.13 ಆ ಎಲ್ಲೆಯ ಹೊರಗಿದೆ. ಇದೂ ಗಳೆಯ ಹೆಸರನ್ನು ಬರೆಯಬೇಕೆಂಬ ಹಳೆಯ ವಿಧಿಯೇ.

ನಷ್ಟದ ಊಹೆಯೂ ಇಷ್ಟೇ ಸಡಿಲ. ಚಕ್ರದ ಬಳಿಯ 200ಕ್ಕೆ ನೂರಕ್ಕೆ 15 ನಷ್ಟ ಹಿಡಿದರೆ 235, 20 ಹಿಡಿದರೆ 250, 25 ಹಿಡಿದರೆ 267. ಅಲ್ಲದೆ ಚಕ್ರದ ಶಕ್ತಿ 200ರಿಂದ 240ಕ್ಕೆ ಏರಿದರೆ, ನೂರಕ್ಕೆ 15ರ ಸೂತ್ರದಂತೆ ನಷ್ಟವೂ 35ರಿಂದ 42ಕ್ಕೆ ಏರಬೇಕು. ಗೇರುಪೆಟ್ಟಿಗೆ ಅದೇ, ಎಣ್ಣೆ ಅದೇ. ಭಾರ ಹೆಚ್ಚಿದಂತೆ ಘರ್ಷಣೆ ತುಸು ಹೆಚ್ಚುವುದು ಸಹಜವಾದರೂ, ಅದು ಸರಿಯಾಗಿ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂಬುದಕ್ಕೆ ಆಧಾರವಿಲ್ಲ.

7

ಇದೆಲ್ಲ ಹವ್ಯಾಸಿಗಳ ಕಾಲಹರಣದ ವಾದವೆಂದು ಕೆಲವರು ಉಪೇಕ್ಷಿಸಬಹುದು. ಹಾಗಲ್ಲ. 50 ಕುದುರೆಗಳೆಂದು ಹಣ ತೆತ್ತವನಿಗೆ 27 ಸಿಕ್ಕಿದೆಯೆಂಬುದು ಒಂದು. ತನಗೆ ಸಿಕ್ಕಿದ್ದು ನಿಜವಾದ, ಒಳ್ಳೆಯ ಏರಿಕೆಯೇ ಆಗಿದ್ದರೂ 200 ಕಾಣಲಿಲ್ಲವೆಂದು ಒತ್ತಡವನ್ನು ಮತ್ತೆ ಏರಿಸಹೊರಟರೆ ಕೆಡುವುದು ಎಂಜಿನು ಎಂಬುದು ಇನ್ನೊಂದು. ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ನು ಒಡೆಯುವುದಕ್ಕೆ ಕಾಗದದ ಮೇಲಿನ ತಿದ್ದುಪಡಿ ಅಡ್ಡಬರುವುದಿಲ್ಲ. ಜೊತೆಗೆ ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅಪಘಾತದ ನಂತರ ಈ ಅಂಕೆಗಳ ಚೀಟಿ ಯಾರ ಪರವಾಗಿ ಸಾಕ್ಷಿ ನುಡಿದೀತೆಂಬುದನ್ನು ಮಾಲೀಕನು ಮೊದಲೇ ಯೋಚಿಸುವುದು ಒಳ್ಳೆಯದು.

ಒಟ್ಟಿನಲ್ಲಿ ನಮ್ಮ ನಿರ್ಣಯ ಇಷ್ಟು. ಅಶ್ವಶಕ್ತಿಯ ಯಾವ ಅಂಕೆಯನ್ನೂ ಒಮ್ಮೆಗೇ ನಂಬಲೂ ಬೇಕಾಗಿಲ್ಲ, ಸುಳ್ಳೆಂದು ಎಸೆಯಲೂ ಬೇಕಾಗಿಲ್ಲ. ಎಲ್ಲಿ ಅಳೆದದ್ದು, ಎಂಜಿನಿನ ಬಳಿಯೋ ಚಕ್ರದ ಬಳಿಯೋ. ಯಾವ ಯಂತ್ರದಿಂದ, ಯಾವ ಹವೆಯಲ್ಲಿ. ಯಾವ ತಿದ್ದುಪಡಿಯನ್ನು ಸೇರಿಸಿ. ಯಾರ ಹಿತಕ್ಕಾಗಿ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆ ಅದು ಉಪಯುಕ್ತವಾದ ಆಧಾರವಾಗುತ್ತದೆ. ಕಾರನ್ನು ಮಾರ್ಪಡಿಸುವ ಮುಂಚೆ ಒಮ್ಮೆ, ಅನಂತರ ಒಮ್ಮೆ, ಅದೇ ಉರುಳೆಯ ಮೇಲೆ, ಸಾಧ್ಯವಾದರೆ ಅದೇ ದಿನ ಓಡಿಸಿ, ತಿದ್ದದ ಅಂಕೆಗಳೆರಡನ್ನೂ ಬರೆದಿಟ್ಟುಕೊಂಡರೆ ವಿವಾದದ ಬಹುಭಾಗ ತಾನಾಗಿ ಅಡಗುತ್ತದೆ. 1918ರಲ್ಲಿ ಮಾಸ್ ಶಿಖರದ ಮೇಲೆ ಮಾಡಿದ್ದು ಇದನ್ನೇ. ಮತ್ತರಿನ ಸಂಖ್ಯೆಯ ಪಕ್ಕದಲ್ಲಿ ಗಳೆಯ ಹೆಸರನ್ನು ಕೆತ್ತಿಸಿದ ನಮ್ಮ ಶಾಸನಕಾರರೂ ಮುಂದೆ ಬರಬಹುದಾದ ವ್ಯಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಗೆ ಮಾಡಿರಬೇಕು.